ಸಲೀಂ ಅಲಿ: ಬೇಸಿಗೆಯಲ್ಲಿ ಕೆರೆಗೆ ಹೋಗುವ ಮುನ್ನ ತಿಳಿಯಬೇಕಾದ ಬದುಕು

ಹಕ್ಕಿ ನೋಡುವುದು ಚಳಿಗಾಲದ ಕೆಲಸ, ಬೇಸಿಗೆಯಲ್ಲಿ ಕೆರೆಗೆ ಹೋದರೆ ಬಿಸಿಲು ಬಿಟ್ಟು ಬೇರೇನೂ ಸಿಗದು ಎಂಬ ಮಾತು ನೀವೂ ಕೇಳಿರಬಹುದು. ಹೊರದೇಶದ ಹಕ್ಕಿಗಳು ರೋಗ ಹೊತ್ತು ತರುತ್ತವೆ, ಅವುಗಳನ್ನು ಓಡಿಸಬೇಕು ಎಂಬ ಮಾತೂ ಇದೆ. ಇವೆರಡರ ಜೊತೆಗೆ ಸಿನಿಮಾದಿಂದ ಹುಟ್ಟಿದ ಗೊಂದಲವೊಂದು ಸೇರಿಕೊಂಡಿದೆ. 2018ರಲ್ಲಿ ತೆರೆಕಂಡ '2.0' ಚಿತ್ರದಲ್ಲಿ ಪಕ್ಷಿತಜ್ಞನೊಬ್ಬ ಮೊಬೈಲ್ ಟವರ್‌ಗಳ ವಿರುದ್ಧ ಹೋರಾಡಿ, ಕೊನೆಗೆ ಟವರ್‌ಗೇ ನೇಣು ಹಾಕಿಕೊಳ್ಳುತ್ತಾನೆ. ಆ ಪಾತ್ರಕ್ಕೆ ಸ್ಫೂರ್ತಿ ಸಲೀಂ ಅಲಿ ಎಂಬ ಸುದ್ದಿ ಆಗ ಎಲ್ಲೆಡೆ ಹರಡಿತ್ತು.

ಮೊದಲು ಈ ಕೊನೆಯ ವಿಷಯ ನೋಡೋಣ. ಸಲೀಂ ಅಲಿ ತೀರಿಕೊಂಡಿದ್ದು 1987ರಲ್ಲಿ, 90ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋಗಿದ್ದು 1995ರ ಜುಲೈ 31ರಂದು. ಅವರು ಮೊಬೈಲ್ ಟವರ್ ನೋಡಿದವರೇ ಅಲ್ಲ. ಟವರ್‌ಗಳಿಂದಲೇ ಗುಬ್ಬಚ್ಚಿಗಳು ನಾಶವಾದವು ಎನ್ನುವುದಕ್ಕೂ ಗಟ್ಟಿ ಪುರಾವೆ ಇಲ್ಲ. 2020ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯ ಪ್ರಕಾರ, ದೊಡ್ಡ ನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ.

ಉಳಿದ ಎರಡು ಮಾತುಗಳಿಗೆ ಉತ್ತರ ಬೇಕಿದ್ದರೆ ಅವರ ನಿಜವಾದ ಬದುಕನ್ನೇ ನೋಡಬೇಕು. ಆ ಬದುಕಿಗೂ ನಮ್ಮ ಸೀಮೆಗೂ ನಂಟಿದೆ.

ಹಳದಿ ಕೊರಳಿನ ಗುಬ್ಬಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬೈಯಲ್ಲಿ. ಮೂರು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇಲ್ಲವಾದರು. ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅತ್ತೆ ಹಮೀದಾ ಬೇಗಂ ಅವರನ್ನು ಸಾಕಿದರು. ಹುಡುಗನಿಗೆ ಆಟದ ಏರ್‌ಗನ್ ಸಿಕ್ಕಿತ್ತು. ಒಂದು ದಿನ ಹೊಡೆದು ಕೆಡವಿದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡಿತು. ಇದು ಯಾವ ಹಕ್ಕಿ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲರ್ಡ್ ಬಳಿಗೆ ಕಳಿಸಿದರು. ಮಿಲರ್ಡ್ ಹಕ್ಕಿಯನ್ನು ಗುರುತಿಸಿದ್ದಷ್ಟೇ ಅಲ್ಲ, ಸೊಸೈಟಿಯ ಸಂಗ್ರಹವನ್ನೂ ತೋರಿಸಿದರು. ಆ ಹುಡುಗನ ಆಸಕ್ತಿಗೆ ದಾರಿ ಸಿಕ್ಕಿದ್ದು ಅಲ್ಲಿ.

ದಾರಿ ಸಲೀಸಾಗಿರಲಿಲ್ಲ. ಬರ್ಮಾದಲ್ಲಿ ವ್ಯಾಪಾರಕ್ಕೆ ಹೋದರು, ಕೈ ಹತ್ತಲಿಲ್ಲ. 1918ರಲ್ಲಿ ತೆಹ್ಮಿನಾ ಅವರನ್ನು ಮದುವೆಯಾದರು. ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಪಕ್ಷಿಶಾಸ್ತ್ರದ ಸರ್ಕಾರಿ ಹುದ್ದೆ ಸಿಗಲಿಲ್ಲ. ಮುಂಬೈಯ ವಸ್ತುಸಂಗ್ರಹಾಲಯದಲ್ಲಿ ಕೆಲಕಾಲ ಉಪನ್ಯಾಸಕರಾಗಿದ್ದು, ರಜೆ ಹಾಕಿ ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತರು. 1930ರಲ್ಲಿ ಮರಳಿದಾಗ ಹಣವಿಲ್ಲವೆಂಬ ಕಾರಣಕ್ಕೆ ಆ ಕೆಲಸವೂ ಹೋಗಿತ್ತು.

ಗೀಜಗದ ಗೂಡಿನ ಕೆಳಗೆ

ಕೆಲಸವಿಲ್ಲದ ಆ ಮಳೆಗಾಲದಲ್ಲಿ ಅವರು ಅಲಿಬಾಗ್ ಹತ್ತಿರದ ಕಿಹಿಂ ಎಂಬ ಕಡಲ ತೀರದ ಊರಿನಲ್ಲಿದ್ದರು. ಮನೆಯ ಬಳಿಯೇ ಗೀಜಗದ ಹಕ್ಕಿಗಳು ಗೂಡು ನೇಯುತ್ತಿದ್ದವು. ದಿನವೂ ಕೂತು ನೋಡಿ ಬರೆದುಕೊಂಡರು. ಗಂಡು ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ. ಅವಳು ಮೊಟ್ಟೆಯಿಟ್ಟು ಕೂತ ಮೇಲೆ ಅದೇ ಗಂಡು ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಈ ಕ್ರಮವನ್ನು ಅವರು ಬಿಡಿಸಿ ಬರೆದ ಲೇಖನವೇ ಪಕ್ಷಿಶಾಸ್ತ್ರಜ್ಞರ ನಡುವೆ ಅವರಿಗೆ ಹೆಸರು ತಂದಿತು.

ಗೀಜಗ ಮಿಂಚುಹುಳು ತಂದು ಮಣ್ಣಿಗೆ ಅಂಟಿಸಿ ಗೂಡಿಗೆ ದೀಪ ಹಚ್ಚುತ್ತದೆ ಎಂಬ ಕಥೆಯೂ ನಮ್ಮಲ್ಲಿ ಇದೆ. ಗೂಡಿಗೆ ಮಣ್ಣು ಮೆತ್ತುವುದು ನಿಜ. ದೀಪ ಕೇವಲ ಕಥೆ.

ಮೈಸೂರಿಗೆ ಬಂದ ವರ್ಷ

ಸಂಬಳವಿಲ್ಲದ ಸಲೀಂ ಅಲಿ ಸಂಸ್ಥಾನಗಳ ಮುಂದೆ ಒಂದು ಪ್ರಸ್ತಾಪ ಇಟ್ಟರು. ಬಿಡಾರದ ಖರ್ಚು ಕೊಟ್ಟರೆ ಸಾಕು, ನಿಮ್ಮ ರಾಜ್ಯದ ಹಕ್ಕಿಗಳ ಸಮೀಕ್ಷೆಯನ್ನು ಪುಕ್ಕಟೆ ಮಾಡಿಕೊಡುತ್ತೇನೆ ಎಂಬುದು ಅದರ ಸಾರ. ಹೈದರಾಬಾದ್, ಕೊಚ್ಚಿ, ತಿರುವಾಂಕೂರು ಹೀಗೆ ಒಂದೊಂದೇ ಸಂಸ್ಥಾನ ಸುತ್ತಿದರು. ಬಿಡಾರಗಳಲ್ಲಿ ತೆಹ್ಮಿನಾ ಜೊತೆಗಿರುತ್ತಿದ್ದರು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ನಂತರ ತೆಹ್ಮಿನಾ ತೀರಿಕೊಂಡರು. ಆ ಆಘಾತದ ಬೆನ್ನಿಗೇ, 1939–40ರಲ್ಲಿ, ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಇಂದಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಆಗ ಇದೇ ಸಂಸ್ಥಾನದ ಭಾಗ.

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ನೂರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಅವರು ಗುರುತಿಸಿದರು. ಆ ನಡುಗಡ್ಡೆಗಳು 17ನೇ ಶತಮಾನದಲ್ಲಿ ಹೊಳೆಗೆ ಕಟ್ಟಿದ ಒಡ್ಡಿನಿಂದ ಉಂಟಾದವು. ಊರಿನವರಿಗೆ ಅದು ದಿನವೂ ಕಾಣುವ ನೋಟ. ಇದು ಹಕ್ಕಿಗಳ ಹೆರಿಗೆಮನೆ, ಕಾಪಾಡಬೇಕು ಎಂದು ಸಲೀಂ ಅಲಿ ಅರಸರಿಗೆ ಮನವರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ಜೌಗುಪ್ರದೇಶವೆಂಬ ಮನ್ನಣೆಯೂ ಸಿಕ್ಕಿತು.

ಬೇಸಿಗೆಯಲ್ಲಿ ಹಕ್ಕಿ ಇರುವುದಿಲ್ಲವೇ?

ಚಳಿಗಾಲದಲ್ಲಿ ಬರುವುದು ವಲಸೆ ಹಕ್ಕಿಗಳು. ಪಟ್ಟೆತಲೆ ಹೆಬ್ಬಾತಿನಂಥವು ಬೇಸಿಗೆ ಬರುವಷ್ಟರಲ್ಲಿ ಉತ್ತರಕ್ಕೆ ಹೊರಟುಬಿಡುತ್ತವೆ. ಆದರೆ ಇಲ್ಲಿಯೇ ಬದುಕುವ ಹಲವು ಹಕ್ಕಿಗಳ ಸಂಸಾರ ಕಾಣುವುದೇ ಬೇಸಿಗೆಯಲ್ಲಿ. ರಂಗನತಿಟ್ಟಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚದ ಕೊಕ್ಕುಗಳು ಗೂಡಿನಲ್ಲಿ ಮರಿಗಳಿಗೆ ಉಣಿಸುವುದನ್ನು ಈ ತಿಂಗಳುಗಳಲ್ಲಿ ನೋಡಬಹುದು. ನೀರು ಇಳಿದಂತೆ ಮೀನುಗಳು ಸಣ್ಣ ಜಾಗದಲ್ಲಿ ಒತ್ತಾಗುತ್ತವೆ. ಮರಿಯ ಹೊಟ್ಟೆ ತುಂಬಿಸಬೇಕಾದ ಕೊಕ್ಕರೆಗೆ ಬೇಟೆ ಸುಲಭ.

ಇದಕ್ಕೆ ಕಾವೇರಿಯೇ ಬೇಕಿಲ್ಲ. ನಮ್ಮ ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರ ಹೊಲಕ್ಕೆ ನೀರು ಹಾಯಿಸಲು ಕಟ್ಟಿದ ಊರ ಕೆರೆ. ಅಲ್ಲಿನ ಜಾಲಿಮರಗಳಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತದೆ. 2024ರಲ್ಲಿ ಅದಕ್ಕೂ ರಾಮ್ಸರ್ ಮನ್ನಣೆ ಬಂತು. ಚನ್ನಗಿರಿಯ ಸೂಳೆಕೆರೆ ಅಂದರೆ ಶಾಂತಿಸಾಗರ, ಜಗಳೂರಿನ ಕೆರೆ, ನ್ಯಾಮತಿ ಸುತ್ತಲಿನ ಸಣ್ಣ ಕೆರೆಗಳು, ಹೊನ್ನಾಳಿಯ ತುಂಗಭದ್ರಾ ದಂಡೆ ಇವೆಲ್ಲವನ್ನೂ ಅದೇ ಕಣ್ಣಿನಿಂದ ನೋಡಬಹುದು. ಬತ್ತಿದ ಕೆರೆಯಂಗಳದಲ್ಲಿ ಟಿಟ್ಟಿಭ ಕೂಗುತ್ತಾ ನಿಮ್ಮ ತಲೆಯ ಮೇಲೆ ಸುತ್ತಿದರೆ, ಹತ್ತಿರದಲ್ಲೇ ಅದರ ಮೊಟ್ಟೆ ಅಥವಾ ಮರಿ ಇದೆ ಎಂದು ತಿಳಿಯಿರಿ. ಅದಕ್ಕೆ ಗೂಡೇ ಇಲ್ಲ, ಬರಿ ನೆಲದಲ್ಲಿ ಮೊಟ್ಟೆ. ಕಲ್ಲಿನ ಬಣ್ಣದ್ದಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಬಿಸಿಲು ಹೆಚ್ಚಾದಾಗ ತಾಯಿ ತಂದೆ ಹೊಟ್ಟೆಯ ಗರಿಗಳನ್ನು ನೀರಲ್ಲಿ ನೆನೆಸಿ ತಂದು ಮೊಟ್ಟೆಗೆ ತಂಪು ಕೊಡುತ್ತವೆ.

ಫೋಟೋಕ್ಕಾಗಿ ನಾವು ಅಲ್ಲೇ ನಿಂತಷ್ಟು ಹೊತ್ತು ಈ ಹಕ್ಕಿ ಮೊಟ್ಟೆಗೆ ಮರಳುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಸ್ವಲ್ಪ ಹೊತ್ತು ತೆರೆದಿಟ್ಟರೂ ಮೊಟ್ಟೆಯೊಳಗಿನ ಜೀವಕ್ಕೆ ಅಪಾಯ. ಆದ್ದರಿಂದ ಕೂಗು ಕೇಳಿದ ಕೂಡಲೇ, ಕಾಲ ಕೆಳಗೆ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಡ್ರೋನ್ ಹಾರಿಸಬೇಡಿ. ಗೂಡಿನ ಜಾಗದ ಲೊಕೇಶನ್ ಗ್ರೂಪಿಗೆ ಹಾಕಬೇಡಿ.

ಮಂಗನ ಕಾಯಿಲೆ ಮತ್ತು ಹಕ್ಕಿಯ ಮೇಲಿನ ಅನುಮಾನ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೆ ವಿಪರೀತ ಜ್ವರ ಬಂತು. ಆಗ ಚನ್ನಗಿರಿ, ಹೊನ್ನಾಳಿಗಳೂ ಇದ್ದದ್ದು ಅದೇ ಶಿವಮೊಗ್ಗ ಜಿಲ್ಲೆಯಲ್ಲಿ. ರೋಗ ಹರಡುವುದು ಉಣುಗಿನ ಕಡಿತದಿಂದ ಎಂದು ತಿಳಿಯಿತು. ಆದರೆ ವೈರಸ್ ರಷ್ಯಾದಲ್ಲಿ ಕಂಡಿದ್ದ ವೈರಸ್‌ಗಳ ಜಾತಿಗೇ ಸೇರಿತ್ತು. ಹಾಗಾದರೆ ಉತ್ತರದಿಂದ ಬರುವ ವಲಸೆ ಹಕ್ಕಿಗಳೇ ಅದನ್ನು ತಂದವೇ ಎಂಬ ಅನುಮಾನ ಹುಟ್ಟಿತು.

ಅನುಮಾನವನ್ನು ಪರೀಕ್ಷಿಸುವ ಕೆಲಸಕ್ಕೆ ಸಲೀಂ ಅಲಿ ಕೈಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿ ಸಾವಿರಾರು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಸಂಖ್ಯೆಯಿದ್ದ ಹಗುರ ಉಂಗುರ ಹಾಕಿ ಬಿಟ್ಟಿತು. ಮುಂದೆ ಅಮೆರಿಕ ಸೇನೆಯ ಹಣವೂ ಬಂದಿದ್ದರಿಂದ 1970ರ ದಶಕದಲ್ಲಿ ಜೈವಿಕ ಯುದ್ಧದ ಸಂಶಯ ಎದ್ದು ಸಂಸತ್ತಿನವರೆಗೂ ಹೋಯಿತು. ಇಷ್ಟೆಲ್ಲ ಆದರೂ, ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವು ಎನ್ನುವುದಕ್ಕೆ ಖಚಿತ ಪುರಾವೆ ಸಿಗಲಿಲ್ಲ. ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ಅಮೂಲ್ಯ ಮಾಹಿತಿ ಮಾತ್ರ ಸಿಕ್ಕಿತು.

ಹಕ್ಕಿಗಳಿಂದ ಯಾವ ರೋಗವೂ ಬರುವುದಿಲ್ಲ ಎಂದು ಇದರ ಅರ್ಥವಲ್ಲ. ಕಾಡುಹಕ್ಕಿಗಳಲ್ಲಿ ಹಕ್ಕಿಜ್ವರ ಇರಬಹುದು. ಸತ್ತ ಹಕ್ಕಿ ಕಂಡರೆ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಿ. ಹಕ್ಕಿಗಳನ್ನು ಪಟಾಕಿ ಹೊಡೆದು ಓಡಿಸಿದರೆ, ರೋಗವಿದ್ದ ಪಕ್ಷದಲ್ಲಿ ಅದು ಇನ್ನಷ್ಟು ಊರಿಗೆ ಹಬ್ಬಬಹುದು. ಕಾಲಲ್ಲಿ ಉಂಗುರವಿರುವ ಹಕ್ಕಿ ಸಿಕ್ಕರೆ ಅದು ಗೂಢಚಾರ ಎಂದು ವಿಡಿಯೋ ಮಾಡುವ ಬದಲು, ಸಂಖ್ಯೆ ಬರೆದುಕೊಂಡು ಅರಣ್ಯ ಇಲಾಖೆಗೆ ಕೊಡಿ. ಕಾಡಂಚಿಗೆ ಹೋಗುವವರು ಉಣುಗು ಕಚ್ಚದಂತೆ ಮೈತುಂಬ ಬಟ್ಟೆ ಹಾಕಿ. ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ.

ಅವರ ಲೆಕ್ಕ ತಪ್ಪಿದ ಒಂದು ಕಡೆ

ಸಲೀಂ ಅಲಿಯವರ ಎಲ್ಲ ನಿಲುವುಗಳೂ ಸರಿಯಾಗಿದ್ದವು ಎಂದು ನಾವು ಹೇಳುತ್ತಿಲ್ಲ. ಭರತ್‌ಪುರದ ಜೌಗುಪ್ರದೇಶ ಉಳಿಯಲು ಅವರು ಬಹಳ ಶ್ರಮಿಸಿದರು. ಅಲ್ಲಿ ಎಮ್ಮೆ ಮೇಯಿಸುವುದು ನಿಲ್ಲಬೇಕು ಎಂಬ ನಿಲುವೂ ಅವರದಾಗಿತ್ತು. 1982ರಲ್ಲಿ ನಿಷೇಧ ಬಂತು. ಪ್ರತಿಭಟಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ಆಗಿ ಕೆಲವರು ಸತ್ತರು. ಎಮ್ಮೆಗಳು ಹೋದ ಮೇಲೆ ಹುಲ್ಲು ಬೆಳೆದು ನೀರನ್ನೇ ಮುಚ್ಚಿತು, ನೀರುಹಕ್ಕಿಗಳಿಗೆ ಜಾಗ ಕಡಿಮೆಯಾಯಿತು. ಇದನ್ನು ಕಂಡುಹಿಡಿದು ದಾಖಲಿಸಿದ್ದು ಅವರದೇ ಸೊಸೈಟಿಯ ದೀರ್ಘಕಾಲದ ಅಧ್ಯಯನ. ಕೆರೆ ಉಳಿಸುವ ಮಾತು ಬಂದಾಗಲೆಲ್ಲ ದನ ಮೇಯಿಸುವವರನ್ನೂ ಮೀನು ಹಿಡಿಯುವವರನ್ನೂ ಮೊದಲ ಶತ್ರುವೆಂದು ಎಣಿಸುವವರು ಇದನ್ನು ನೆನಪಿಡಬೇಕು.

1941ರಲ್ಲಿ ಬಂದ ಅವರ ಭಾರತೀಯ ಪಕ್ಷಿಗಳ ಪುಸ್ತಕ ಸಾಮಾನ್ಯರ ಕೈಗೆ ಹಕ್ಕಿಗಳ ಹೆಸರು ಕೊಟ್ಟಿತು. ಡಿಲನ್ ರಿಪ್ಲಿ ಜೊತೆ ಬರೆದ ಕೈಪಿಡಿ 10 ಸಂಪುಟಗಳಷ್ಟಾಯಿತು. 1976ರಲ್ಲಿ ಪದ್ಮವಿಭೂಷಣ ಬಂತು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾದಾಗ ಅವರಿಗೆ 88 ದಾಟಿತ್ತು.

ಪದವಿಯಿಲ್ಲದ ಆ ಮನುಷ್ಯನ ಬಳಿ ಇದ್ದದ್ದು ದುರ್ಬೀನು, ನೋಟ್‌ಬುಕ್ಕು ಮತ್ತು ತಾಳ್ಮೆ. ಈ ಭಾನುವಾರ ಬೆಳಗ್ಗೆ ಆರಕ್ಕೆ, ಬಿಸಿಲೇರುವ ಮುನ್ನ, ನಿಮ್ಮೂರ ಕೆರೆಯ ಏರಿಯ ಮೇಲೆ ಒಂದು ಗಂಟೆ ನಿಲ್ಲಿ. ದಿನಾಂಕ, ಹಕ್ಕಿಯ ಹೆಸರು, ಎಷ್ಟಿದ್ದವು ಎಂಬುದನ್ನು ಬರೆದುಕೊಳ್ಳಿ. ಹೆಸರು ಗೊತ್ತಿಲ್ಲದಿದ್ದರೆ ಬಣ್ಣ, ಕೊಕ್ಕಿನ ಆಕಾರ ಬರೆಯಿರಿ. ಹಾಗೆ ಎರಡು ಬೇಸಿಗೆ ಬರೆದಿಟ್ಟರೆ, ನಿಮ್ಮ ಕೆರೆಯ ಬಗ್ಗೆ ಬರುವ ಫಾರ್ವರ್ಡ್ ನಿಜವೋ ಸುಳ್ಳೋ ಎಂದು ಹೇಳಲು ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ.