ಸೆಲ್ ಉಳಿಸಿ ಗೆದ್ದ ಗೇಮ್ ಬಾಯ್ ಜನಕ

ಪಂದಲೂರು: ಮಳೆಗಾಲದಲ್ಲಿ ಕರೆಂಟ್ ಹೋದರೆ ಟಾರ್ಚ್ ಸೆಲ್ ಉಳಿಸುವ ಪಾಡು ನಮ್ಮೂರ ಕಡೆಯವರಿಗೆ ಗೊತ್ತು. ಇದೇ ಲೆಕ್ಕಾಚಾರದಿಂದ ಜಗತ್ತಿನ ಮಕ್ಕಳ ಕೈಗೆ ವಿಡಿಯೋ ಗೇಮ್ ಕೊಟ್ಟವರು ಜಪಾನಿನ ಗುನ್ಪೇ ಯೊಕೊಯಿ.

1941ರ ಸೆಪ್ಟೆಂಬರ್ 10ರಂದು ಹುಟ್ಟಿದ ಯೊಕೊಯಿ, ಎಲೆಕ್ಟ್ರಾನಿಕ್ಸ್ ಓದಿ 1965ರಲ್ಲಿ ಕ್ಯೋಟೋದ ನಿಂಟೆಂಡೊ ಕಂಪನಿ ಸೇರಿದರು. ಆಗ ಅದು ಆಟದ ಎಲೆಗಳನ್ನು ಮಾಡುತ್ತಿತ್ತು. ಇವರದು ಯಂತ್ರ ನೋಡಿಕೊಳ್ಳುವ ಕೆಲಸ. ಬಿಡುವಿನಲ್ಲಿ ಮಾಡಿದ, ವಸ್ತು ಹಿಡಿಯುವ ಉದ್ದ ಕೈ ಅಧ್ಯಕ್ಷರ ಕಣ್ಣಿಗೆ ಬಿತ್ತು. 1966ರಲ್ಲಿ ಅದೇ ಆಟಿಕೆಯಾಗಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಒಮ್ಮೆ ರೈಲಿನಲ್ಲಿ ಬೇಸರಗೊಂಡ ಪ್ರಯಾಣಿಕನೊಬ್ಬ ಕ್ಯಾಲ್ಕುಲೇಟರ್ ಒತ್ತುತ್ತಾ ಕುಳಿತದ್ದನ್ನು ಕಂಡರು. ಕ್ಯಾಲ್ಕುಲೇಟರ್ ಪರದೆ ಆಗಲೇ ಅಗ್ಗವಾಗಿತ್ತು. ಅದನ್ನೇ ಬಳಸಿ 1980ರಲ್ಲಿ ಗೇಮ್ ಅಂಡ್ ವಾಚ್ ತಂದರು. 1982ರಲ್ಲಿ ಅದಕ್ಕೆ ಪ್ಲಸ್ ಆಕಾರದ ಬಟನ್ ಸೇರಿತು.

1989ರಲ್ಲಿ ಗೇಮ್ ಬಾಯ್ ಬಂತು. ಬಣ್ಣವಿಲ್ಲ, ಪರದೆಗೆ ಬೆಳಕಿಲ್ಲ. ಆದರೆ ನಾಲ್ಕು ಸೆಲ್‌ನಲ್ಲಿ ಹತ್ತು ಗಂಟೆಗೂ ಹೆಚ್ಚು ಓಡುತ್ತಿತ್ತು. ಎದುರಾಳಿಯ ಬಣ್ಣದ ಗೇಮ್ ಗೇರ್ ಆರು ಸೆಲ್‌ಗಳನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿತ್ತು. ನಂತರ ಬಂದ ಬಣ್ಣದ ಮಾದರಿಯೂ ಸೇರಿ ಗೇಮ್ ಬಾಯ್ ಸುಮಾರು 11.87 ಕೋಟಿ ಮಾರಾಟವಾಯಿತು.

1995ರ ವರ್ಚುವಲ್ ಬಾಯ್ ಮಾತ್ರ ನೆಲಕಚ್ಚಿತು. 1996ರಲ್ಲಿ ಯೊಕೊಯಿ ನಿಂಟೆಂಡೊ ಬಿಟ್ಟು ಸ್ವಂತ ಕಂಪನಿ ಕಟ್ಟಿದರು. 1997ರ ಅಕ್ಟೋಬರ್ 4ರಂದು ಹೆದ್ದಾರಿಯಲ್ಲಿ ಸಣ್ಣ ಅಪಘಾತವಾಗಿ, ಕಾರಿನಿಂದ ಇಳಿದು ನೋಡುತ್ತಿದ್ದಾಗ ಇನ್ನೊಂದು ವಾಹನ ಬಡಿದು ಮೃತಪಟ್ಟರು. ವಯಸ್ಸು 56.

ಅವರು ಕೈಹಾಕಿದ್ದ ವಂಡರ್‌ಸ್ವಾನ್ 1999ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಬೇಕಾದದ್ದು ಒಂದೇ ಸೆಲ್.