ಸುರ್ಕಿ, ಇದ್ದಿಲು ಮತ್ತು ಸರ್ ಎಂ.ವಿ.

ಸೆಪ್ಟೆಂಬರ್ 15 ಬಂತೆಂದರೆ ಎಲ್ಲ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಅದೇ ಫೋಟೋ, ಅದೇ ಹಾರ, ಅದೇ ಭಾಷಣ. ಮೈಸೂರು ಪೇಟ, ಕೆ.ಆರ್.ಎಸ್., ಶಿಸ್ತು, ಅಲ್ಲಿಗೆ ಮುಗೀತು. ನಮ್ಮ ಮಾರ್ಕ್ಸ್ ಕಾರ್ಡ್ ಮೇಲೆ ಇರೋದೂ ಅವರದೇ ಹೆಸರು. ಆದರೆ ಮೂರನೇ ಸೆಮಿಸ್ಟರ್‌ನಲ್ಲಿ ಮೆಟೀರಿಯಲ್ ಸೈನ್ಸ್ ಓದೋಕೆ ಶುರು ಮಾಡಿದ ಮೇಲೆ ನಮಗೆ ವಿಶ್ವೇಶ್ವರಯ್ಯನವರು ಸ್ವಲ್ಪ ಬೇರೆ ಥರ ಕಾಣ್ತಿದ್ದಾರೆ. ಅವರು ಓದಿದ್ದು ಸಿವಿಲ್. ತಲೆ ಕೆಡಿಸಿಕೊಂಡಿದ್ದು ಮಾತ್ರ ಮೆಟೀರಿಯಲ್ ಬಗ್ಗೆ: ನಮ್ಮೂರಲ್ಲಿ ಏನು ಸಿಗುತ್ತೆ, ಏನು ಸಿಗಲ್ಲ, ಸಿಗದಿದ್ರೆ ಏನು ಮಾಡೋದು ಅಂತ.

1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕ ವಯಸ್ಸಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು, ಸೆಂಟ್ರಲ್ ಕಾಲೇಜಲ್ಲಿ 1881ರಲ್ಲಿ ಬಿ.ಎ. ಮುಗಿಸಿದರು. ಕೆಂಗೇರಿ, ವಿಜಯನಗರದಿಂದ ಪರ್ಪಲ್ ಲೈನ್ ಹತ್ತಿದರೆ ಮೆಜೆಸ್ಟಿಕ್ ಆದ ಮೇಲೆ ಅವರ ಹೆಸರಿನದೇ ಸ್ಟೇಷನ್ ಬರುತ್ತಲ್ಲ, ಅದು ಆ ಕಾಲೇಜಿನ ಪಕ್ಕದಲ್ಲೇ ಇರೋದು. ಆಗ ಬೆಂಗಳೂರಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಗೆ ಹೋದರು, 1883ರ ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಪಡೆದರು. ಆಮೇಲೆ ಬಾಂಬೆ ಪ್ರಾಂತ್ಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನೌಕರಿ. ಖಡಕ್‌ವಾಸ್ಲಾ ಅಣೆಕಟ್ಟಿನ ಆಟೋಮ್ಯಾಟಿಕ್ ಗೇಟ್ ಕಥೆ ಎಲ್ಲರಿಗೂ ಗೊತ್ತಿರೋದೇ, ಅದನ್ನ ಇಲ್ಲಿ ಬಿಡ್ತೀವಿ.

1909ರಲ್ಲಿ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಎರಡೂವರೆ ಕಿಲೋಮೀಟರ್‌ಗೂ ಉದ್ದದ ಕಟ್ಟೆ, ಆದರೆ ಸಿಮೆಂಟ್? ಆಗ ಅದು ಹಡಗಲ್ಲಿ ಬರಬೇಕಿತ್ತು, ರೇಟು ಕೇಳೋ ಹಾಗಿರಲಿಲ್ಲ. ಹಾಗಾಗಿ ಕಲ್ಲಿನ ಮಧ್ಯೆ ಹಾಕಿದ್ದು ಸುರ್ಕಿ ಗಾರೆ, ಅಂದರೆ ಸುಟ್ಟ ಇಟ್ಟಿಗೆಯ ಪುಡಿ ಜೊತೆಗೆ ಸುಣ್ಣ. ನಮ್ಮ ಅಜ್ಜಿ ಮನೆಗಳ ಗೋಡೆಯಲ್ಲೂ ಇದ್ದದ್ದು ಇದೇ ಥರದ ಗಾರೆ. ಬರೀ ಸುಣ್ಣ ಗಟ್ಟಿಯಾಗೋಕೆ ಗಾಳಿ ಬೇಕು, ದಪ್ಪ ಗೋಡೆಯ ಒಳಗೆ, ನೀರಿನ ಕೆಳಗೆ ಅದು ಕೈಕೊಡುತ್ತೆ. ಸುಟ್ಟ ಜೇಡಿಮಣ್ಣಿನಲ್ಲಿರೋ ಸಿಲಿಕಾ, ಅಲ್ಯೂಮಿನಾ ಸುಣ್ಣದ ಜೊತೆ ಸೇರಿದರೆ ಮಾತ್ರ ನೀರಲ್ಲೂ ಗಟ್ಟಿಯಾಗುವ ಸಂಯುಕ್ತ ಹುಟ್ಟುತ್ತೆ. ನಮ್ಮ ಸಿಲಬಸ್‌ನಲ್ಲಿ ಇದಕ್ಕೆ ಪೊಝೊಲಾನಿಕ್ ರಿಯಾಕ್ಷನ್ ಅಂತಾರೆ. ಈಗ ಕಾರ್ಬನ್ ಕಡಿಮೆ ಮಾಡೋಕೆ ಅಂತ ಸಿಮೆಂಟ್‌ಗೆ ಸುಟ್ಟ ಜೇಡಿಮಣ್ಣು ಬೆರೆಸೋ ಸಂಶೋಧನೆ ಜೋರಾಗಿ ನಡೀತಿದೆ, ಪ್ರಾಜೆಕ್ಟ್ ಹುಡುಕ್ತಿರೋ ಸೀನಿಯರ್‌ಗಳು ಗಮನಿಸಿ. ಕಟ್ಟೆ ಒಬ್ಬರೇ ಕಟ್ಟಿದ್ದಲ್ಲ. ಎಷ್ಟೋ ಎಂಜಿನಿಯರ್‌ಗಳು, ಸಾವಿರಾರು ಕೂಲಿಯವರು ಸೇರಿ ಮುಗಿಸುವಷ್ಟರಲ್ಲಿ 1930ರ ದಶಕ ಬಂದಿತ್ತು. ಇದನ್ನ ಭಾಷಣಗಳಲ್ಲಿ ಯಾಕೆ ಹೇಳಲ್ವೋ.

1912ರಲ್ಲಿ ದಿವಾನರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು (ಇವತ್ತಿನ ಯು.ವಿ.ಸಿ.ಇ.) ಶುರುವಾದವು. ಅಂದರೆ ತಮ್ಮ ಹಾಗೆ ಪುಣೆಗೆ ಹೋಗೋ ಕಷ್ಟ ಮುಂದಿನವರಿಗೆ ಇಲ್ಲದ ಹಾಗಾಯಿತು.

ನಮಗೆ ಅವರ ಬದುಕಿನ ಅತಿ ಕಷ್ಟದ ಭಾಗ ಅನ್ನಿಸಿದ್ದು ಭದ್ರಾವತಿ. ಕೆಮ್ಮಣ್ಣುಗುಂಡಿಯಲ್ಲಿ ಒಳ್ಳೆ ಕಬ್ಬಿಣದ ಅದಿರಿತ್ತು. ಆದರೆ ಬ್ಲಾಸ್ಟ್ ಫರ್ನೇಸ್‌ಗೆ ಬೇಕಾದ ಕೋಕ್ ಆಗೋ ಕಲ್ಲಿದ್ದಲು ಮೈಸೂರು ರಾಜ್ಯದಲ್ಲಿ ಒಂದು ಚೂರೂ ಇರಲಿಲ್ಲ. ಅದು ಇದ್ದದ್ದು ದೂರದ ಝರಿಯಾ ಕಡೆ. ಇಲ್ಲಿ ಇದ್ದದ್ದು ಮಲೆನಾಡಿನ ಕಾಡು. ಹಾಗಾಗಿ ಮರ ಸುಟ್ಟು ಇದ್ದಿಲು ಮಾಡಿ, ಇದ್ದಿಲಿನಿಂದಲೇ ಕಬ್ಬಿಣ ಕರಗಿಸೋ ಯೋಜನೆ ಬಂತು. ಇದ್ದಿಲಲ್ಲಿ ಗಂಧಕ ಬಹಳ ಕಡಿಮೆ, ಆದ್ದರಿಂದ ಕಬ್ಬಿಣ ಚೆನ್ನಾಗಿ ಬರುತ್ತೆ. ಆದರೆ ಇದ್ದಿಲು ಕೋಕ್‌ನಷ್ಟು ಗಟ್ಟಿ ಅಲ್ಲ, ಮೇಲಿನ ಅದಿರಿನ ಭಾರಕ್ಕೆ ಪುಡಿಯಾಗಿ ಗಾಳಿ ಓಡೋ ದಾರಿ ಕಟ್ಟಿಬಿಡುತ್ತೆ. ಅದಕ್ಕೇ ಫರ್ನೇಸ್ ಚಿಕ್ಕದಿರಬೇಕು. ಚಿಕ್ಕ ಫರ್ನೇಸ್ ಅಂದರೆ ಟನ್ನಿಗೆ ಖರ್ಚು ಜಾಸ್ತಿ. ಖರ್ಚು ಸರಿದೂಗಿಸೋಕೆ ಮರವನ್ನ ಸುಮ್ಮನೆ ಸುಡದೆ ಡಿಸ್ಟಿಲ್ ಮಾಡಿ ಮೆಥನಾಲ್, ಅಸಿಟೇಟ್, ಟಾರ್ ಎಲ್ಲ ತೆಗೆದು ಮಾರುವ ಪ್ಲಾನ್ ಮಾಡಿದರು. ಕಾಡಿಗೆ ಇದರಿಂದ ಏನಾಯ್ತು ಅನ್ನೋ ಪ್ರಶ್ನೆ ಇವತ್ತು ನಾವು ಕೇಳಲೇಬೇಕು. ಆಗ ಕೇಳಿದವರು ಕಡಿಮೆ.

1918ರ ಕೊನೆಗೆ ಅವರು ದಿವಾನಗಿರಿ ಬಿಟ್ಟರು. 1923ರಲ್ಲಿ ಕುಲುಮೆ ಹೊತ್ತಿಕೊಂಡಾಗ ಮಹಾಯುದ್ಧ ಮುಗಿದು ಕಬ್ಬಿಣದ ರೇಟು ಬಿದ್ದುಹೋಗಿತ್ತು. ನಷ್ಟದ ಮೇಲೆ ನಷ್ಟ, ಟೀಕೆಯ ಮೇಲೆ ಟೀಕೆ. ಅರವತ್ತು ದಾಟಿದ ಮನುಷ್ಯ ಬೇರೆಯವರ ಮೇಲೆ ಹಾಕಿ ಆರಾಮಾಗಿ ಇರಬಹುದಿತ್ತು. ಅದು ಬಿಟ್ಟು ಕಾರ್ಖಾನೆಯ ಆಡಳಿತವನ್ನೇ ವಹಿಸಿಕೊಂಡು 1929ರವರೆಗೆ ನಡೆಸಿದರು, ಖರ್ಚು ಇಳಿಸಿದರು, ಸ್ಥಳೀಯ ಹುಡುಗರಿಗೆ ಕೆಲಸ ಕಲಿಸಿದರು. ಮುಂದೆ 1930ರ ದಶಕದಲ್ಲಿ ಅಲ್ಲೇ ಉಕ್ಕು, ಸಿಮೆಂಟ್ ಕೂಡ ತಯಾರಾಗತೊಡಗಿತು. ಅಂದರೆ ಕನ್ನಂಬಾಡಿಗೆ ಸಿಗದಿದ್ದ ಸಿಮೆಂಟ್ ಕಡೆಗೂ ಮೈಸೂರಲ್ಲೇ ಆಯಿತು, ಕಟ್ಟೆ ಮುಗಿದ ಮೇಲೆ!

ಭದ್ರಾವತಿಯ ಕೆಲಸಕ್ಕೆ ಅವರಿಗೆ ಸಲ್ಲಬೇಕಾಗಿದ್ದ ಸಂಬಳವನ್ನ ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕಸುಬು ಕಲಿಸೋ ಸಂಸ್ಥೆಗೆ ಬಳಸಿ ಅಂದರು. ಅದಕ್ಕೆ ಅವರ ಹೆಸರಿಡೋಕೆ ಹೋದಾಗ ಬೇಡ ಅಂದು ಮಹಾರಾಜರ ಹೆಸರು ಸೂಚಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹೀಗೆ, 1943ರಲ್ಲಿ.

1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ಬೆಂಗಳೂರಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅವರ ಹೆಸರು ಹೊತ್ತ ಭದ್ರಾವತಿ ಕಾರ್ಖಾನೆಯನ್ನ ಮುಚ್ಚೋ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು. ಕುಲುಮೆ ಹೊತ್ತಿ ಆಗ ಸರಿಯಾಗಿ ನೂರು ವರ್ಷ. ಅದನ್ನ ಉಳಿಸಿ ಅಂತ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು.