ರಾಸ್ ಮಗುಚಿದ ತೊಟ್ಟಿ

ಮಲೇರಿಯಾ ಸೊಳ್ಳೆಯಿಂದ ಹರಡುತ್ತೆ ಅಂತ ನಾವೆಲ್ಲ ಸ್ಕೂಲಲ್ಲೇ ಓದಿದ್ದೀವಿ. ಅದನ್ನು ಸಾಬೀತು ಮಾಡಿದ ರೊನಾಲ್ಡ್ ರಾಸ್ ಸೊಳ್ಳೆಯ ಹಿಂದೆ ಬಿದ್ದ ಕಥೆ ಶುರುವಾಗೋದು ನಮ್ಮ ರಾಮನಗರದಿಂದ ಸುಮಾರು 50 ಕಿ.ಮೀ. ದೂರದ ಬೆಂಗಳೂರಲ್ಲಿ.

ರಾಸ್ ಹುಟ್ಟಿದ್ದು 1857ರಲ್ಲಿ, ಅಲ್ಮೋರಾದಲ್ಲಿ. ಚಿತ್ರ, ಸಾಹಿತ್ಯ ಅಂತಿದ್ದ ಹುಡುಗನನ್ನು ಅಪ್ಪ ಡಾಕ್ಟರ್ ಓದಿಗೆ ಸೇರಿಸಿದರು. (ನಮ್ಮಲ್ಲಿ ಕೆಲವರಿಗೆ ಇದು ಗೊತ್ತಿರೋ ಕಥೆ!) 1883ರಲ್ಲಿ ಬೆಂಗಳೂರು ದಂಡಿನ ವೈದ್ಯರಾಗಿದ್ದಾಗ ಅವರ ಬಂಗಲೆ ತುಂಬ ಸೊಳ್ಳೆ. ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕಂಡವು. ತೊಟ್ಟಿ ಮಗುಚಿದರು, ಸೊಳ್ಳೆ ಕಡಿಮೆಯಾಯ್ತು. ಉಳಿದ ತೊಟ್ಟಿಗಳನ್ನೂ ಖಾಲಿ ಮಾಡೋಣ ಅಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಸಿಕ್ಕಿತು. 1902ರಲ್ಲಿ ನೊಬೆಲ್ ಬಂತು. ಆಮೇಲೆ ಗಣಿತ ಹಿಡಿದು ಇನ್ನೊಂದು ವಿಷಯ ತೋರಿಸಿದರು: ಎಲ್ಲ ಸೊಳ್ಳೆಯನ್ನೂ ಕೊಲ್ಲಬೇಕಿಲ್ಲ, ಒಂದು ಮಿತಿಗಿಂತ ಕಡಿಮೆ ಮಾಡಿದರೆ ರೋಗ ತಾನಾಗೇ ಇಳಿಯುತ್ತೆ. 1932ರಲ್ಲಿ ತೀರಿಕೊಂಡರು.

ಈಗ ನಮಗೆ ಕಾಟ ಡೆಂಗಿಯದ್ದು. ಅದರ ಸೊಳ್ಳೆಗೆ ಬಕೆಟ್ಟಿನ ತಿಳಿನೀರು ಸಾಕು. ಮೊಟ್ಟೆ ಸೊಳ್ಳೆಯಾಗೋಕೆ ಒಂದು ವಾರ, ಹತ್ತು ದಿನ. ಜೋರು ಜ್ವರ, ಕಣ್ಣಿನ ಹಿಂದೆ ನೋವು ಬಂದರೆ ರೂಮಲ್ಲೇ ಮಲಗದೆ ಡಾಕ್ಟರ್ ಹತ್ರ ಹೋಗೋಣ. ಪ್ರತಿ ಭಾನುವಾರ ಹಾಸ್ಟೆಲ್ ಬಕೆಟ್‌ಗಳನ್ನು ಮಗುಚೋಣ. ಬೇಡ ಅನ್ನೋ ಅಧಿಕಾರಿ ನಮಗೆ ಯಾರೂ ಇಲ್ಲ.